ಡಿಕ್ಸೋನಿಯಾ ಮರ ಜರೀಗಿಡಗಳು: ವರ್ಗೀಕರಣ ಮತ್ತು ಹರವು ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಕ್ಸೋನಿಯಾ ಎಂದರೆ ಯಾವ ಗಿಡ?

ಡಿಕ್ಸೋನಿಯಾ ಎಂಬುದು ಬಹುಮಟ್ಟಿಗೆ ನೆಟ್ಟಗೆ, ಮರದಂತೆ ಬೆಳೆಯುವ ಜರೀಗಿಡಗಳ ಒಂದು ಜಾತಿ. ಹತ್ತಿರದ ಸಂಬಂಧವುಳ್ಳ ಹಲವು ಪ್ರಭೇದಗಳ ಗುಂಪು ಎಂಬ ಅರ್ಥದಲ್ಲಿ ಇಲ್ಲಿ ‘ಜಾತಿ’ ಎಂದು ಹೇಳಲಾಗಿದೆ. ಈ ಗುಂಪಿನಲ್ಲಿ 20ರಿಂದ 30 ಪ್ರಭೇದಗಳಿವೆ. ಎಲ್ಲ ಜರೀಗಿಡಗಳಂತೆ ಇವುಗಳಲ್ಲಿಯೂ ಹೂವಿಲ್ಲ, ಬೀಜವಿಲ್ಲ. ಎಲೆಯ ಅಡಿಬದಿಯ ಅಂಚಿನಲ್ಲಿ ಹುಟ್ಟುವ, ಧೂಳಿನಷ್ಟು ಸಣ್ಣದಾದ ಬೀಜಕಗಳಿಂದ ಸಂತಾನ ಮುಂದುವರಿಯುತ್ತದೆ. ಕಾಂಡದ ತುದಿಯಲ್ಲಿ ಸುರುಳಿ ಸುತ್ತಿಕೊಂಡ ಎಳೆಯ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡು, ಮೂರು ನಾಲ್ಕು ಬಾರಿ ಸೀಳಿದ ದೊಡ್ಡ ಗರಿಗಳಾಗಿ ಹರಡಿಕೊಳ್ಳುತ್ತವೆ.

ಕಾಂಡವಿದೆ, ಎತ್ತರವಿದೆ, ಹಾಗಿದ್ದರೆ ಇದನ್ನು ಮರವೆಂದೇ ಕರೆಯಬಹುದಲ್ಲವೇ?

ನೋಟಕ್ಕೆ ಮರ, ರಚನೆಯಲ್ಲಿ ಅಲ್ಲ. ನಿಜವಾದ ಮರದ ಕಾಂಡದಲ್ಲಿ ಕ್ಯಾಂಬಿಯಂ ಎಂಬ ಪದರವಿದ್ದು, ಅದು ಹೊಸ ಕಟ್ಟಿಗೆಯನ್ನು ಸೇರಿಸುತ್ತಾ ಕಾಂಡವನ್ನು ದಪ್ಪಗಾಗಿಸುತ್ತದೆ. ಡಿಕ್ಸೋನಿಯಾದಲ್ಲಿ ಆ ಪದರವೇ ಇಲ್ಲ. ಇಲ್ಲಿ ಕಾಂಡದಂತೆ ಕಾಣುವುದು ನೆಟ್ಟಗೆ ನಿಂತ ಒಂದು ಗುಪ್ತಕಾಂಡ, ಅಂದರೆ ಸಾಮಾನ್ಯವಾಗಿ ನೆಲದಲ್ಲಿ ಅಡ್ಡಕ್ಕೆ ಹರಿಯುವ ಬಗೆಯ ಕಾಂಡ. ಅದರ ತಿರುಳು ತೆಳ್ಳಗಿದ್ದು, ಮೇಲಿನಿಂದ ಕೆಳಕ್ಕೆ ಇಳಿಯುವ ಸಾವಿರಾರು ಕಂದು ಬೇರುಗಳು ಒಂದರೊಳಗೊಂದು ಹೆಣೆದುಕೊಂಡು ಅದಕ್ಕೆ ದಪ್ಪನೆಯ ಕವಚ ಹೊದಿಸುತ್ತವೆ. ಅಡ್ಡಕ್ಕೆ ಕೊಯ್ದು ನೋಡಿದರೆ ಹೊರಭಾಗದ ಬಹುಪಾಲು ಬೇರೇ ಆಗಿರುವುದು ಕಾಣುತ್ತದೆ. ಬೇರುಗಳು ಮೇಲಿನಿಂದ ಇಳಿಯುತ್ತಾ ಕೂಡಿಕೊಳ್ಳುವುದರಿಂದಲೇ ಬುಡ ಅಗಲವಾಗಿ, ಮೇಲಕ್ಕೆ ಹೋದಂತೆ ಸಣಕಲಾಗಿ ಕಾಣುವುದು.

ಬೆಳವಣಿಗೆಯಂತೂ ಬಹಳ ನಿಧಾನ. ಹೆಚ್ಚು ಪರಿಚಿತವಾದ ಡಿಕ್ಸೋನಿಯಾ ಅಂಟಾರ್ಕ್ಟಿಕಾ ವರ್ಷಕ್ಕೆ ಸುಮಾರು 3.5ರಿಂದ 5 ಸೆಂಟಿಮೀಟರ್ ಮಾತ್ರ ಎತ್ತರವಾಗುತ್ತದೆ. ಈ ಲೆಕ್ಕದಲ್ಲಿ 3 ಮೀಟರ್ ಎತ್ತರದ ಕಾಂಡಕ್ಕೆ 60ರಿಂದ 85 ವರ್ಷ ವಯಸ್ಸಾಗಿರಬೇಕು. ಅನುಕೂಲವಾದ ಕಣಿವೆಗಳಲ್ಲಿ ಇದು 15 ಮೀಟರ್‌ವರೆಗೂ ಬೆಳೆಯುವುದುಂಟು.

ಈ ಜಾತಿಗೆ ಹೆಸರಿಟ್ಟವರು ಯಾರು?

ಫ್ರೆಂಚ್ ಸಸ್ಯವಿಜ್ಞಾನಿ ಶಾರ್ಲ್ ಲೂಯಿ ಲೆರಿಟಿಯೇ ದ ಬ್ರೂಟೆಲ್ 1789ರಲ್ಲಿ ಈ ಜಾತಿಯನ್ನು ಪ್ರಕಟಿಸಿದರು. ಸ್ಕಾಟ್ಲೆಂಡ್ ಮೂಲದ ಜೇಮ್ಸ್ ಡಿಕ್ಸನ್ ಅವರ ಗೌರವಾರ್ಥವಾಗಿ ಡಿಕ್ಸೋನಿಯಾ ಎಂಬ ಹೆಸರು ಬಂದಿತು. ಡಿಕ್ಸನ್ ಲಂಡನ್ನಿನಲ್ಲಿ ಬೀಜ ಮತ್ತು ಸಸಿಗಳ ವ್ಯಾಪಾರ ನಡೆಸುತ್ತಿದ್ದರು. ಹಾವಸೆ, ಶಿಲೀಂಧ್ರ ಮುಂತಾದ ಹೂವಿಲ್ಲದ ಸಸ್ಯಗಳಲ್ಲಿ ಆಳವಾದ ಪರಿಣತಿ ಗಳಿಸಿದ್ದರು. 1788ರಲ್ಲಿ ಸ್ಥಾಪನೆಯಾದ ಲಿನೇಯನ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರಾಗಿದ್ದರು. ಜಾತಿಯ ಹೆಸರಿಗೆ ಆಧಾರವಾದ ಮಾದರಿ ಪ್ರಭೇದವೆಂದು ಗುರುತಿಸಿರುವುದು ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ದ್ವೀಪದ ಡಿಕ್ಸೋನಿಯಾ ಆರ್ಬೋರೆಸೆನ್ಸ್ ಅನ್ನು.

ಆದರೆ ಜಾತಿಗೆ ಹೆಸರು ಬರುವ ಮೊದಲೇ ಇದರ ಒಂದು ಪ್ರಭೇದ ಯೂರೋಪಿನ ಸಸ್ಯವಿಜ್ಞಾನಿಗಳಿಗೆ ಗೊತ್ತಿತ್ತು. ಕ್ಯಾಪ್ಟನ್ ಕುಕ್ ಅವರ ಎರಡನೆಯ ಯಾನದಲ್ಲಿದ್ದ ಜಾರ್ಜ್ ಫಾರ್ಸ್ಟರ್, ನ್ಯೂಜಿಲೆಂಡಿನ ಒಂದು ಮರ ಜರೀಗಿಡವನ್ನು 1786ರಲ್ಲಿ ಟ್ರೈಕೋಮೇನಿಸ್ ಎಂಬ ಬೇರೊಂದು ಜಾತಿಯ ಅಡಿಯಲ್ಲಿ ವರ್ಣಿಸಿದ್ದರು. ಸ್ವೀಡನ್ನಿನ ಓಲೋಫ್ ಸ್ವಾರ್ಟ್ಸ್ ಮುಂದೆ ಅದನ್ನು ಡಿಕ್ಸೋನಿಯಾಕ್ಕೆ ವರ್ಗಾಯಿಸಿದರು. ಅದೇ ಇಂದಿನ ಡಿಕ್ಸೋನಿಯಾ ಸ್ಕ್ವಾರೋಸಾ. ಡಿಕ್ಸೋನಿಯಾ ಅಂಟಾರ್ಕ್ಟಿಕಾ ಎಂಬ ಹೆಸರು ಫ್ರೆಂಚ್ ಸಸ್ಯವಿಜ್ಞಾನಿ ಲಾಬಿಯಾರ್ಡಿಯೇರ್ ಅವರಿಂದ 1807ರಲ್ಲಿ ಬಂದಿತು.

ಇಂದಿನ ವರ್ಗೀಕರಣದಲ್ಲಿ ಡಿಕ್ಸೋನಿಯಾದ ಸ್ಥಾನ ಎಲ್ಲಿ?

ಸಯಾಥಿಯೇಲೀಸ್ ಎಂಬ ಗಣ, ಅದರೊಳಗೆ ಡಿಕ್ಸೋನಿಯೇಸೀ ಎಂಬ ಕುಟುಂಬ. ಜಗತ್ತಿನ ಜರೀಗಿಡ ತಜ್ಞರು ಒಟ್ಟುಗೂಡಿ 2016ರಲ್ಲಿ ಪ್ರಕಟಿಸಿದ, ಪಿಪಿಜಿ ಒಂದು ಎಂದು ಕರೆಯಲಾಗುವ ವರ್ಗೀಕರಣದ ಪ್ರಕಾರ ಈ ಗಣದಲ್ಲಿ 8 ಕುಟುಂಬಗಳು, 13 ಜಾತಿಗಳು ಮತ್ತು 700ಕ್ಕೂ ಹೆಚ್ಚು ಪ್ರಭೇದಗಳಿವೆ. ಆ 700ರಲ್ಲಿ ಬಹುಪಾಲು ಸಯಾಥಿಯೇಸೀ ಎಂಬ ಒಂದೇ ಕುಟುಂಬಕ್ಕೆ ಸೇರುತ್ತದೆ. ಡಿಕ್ಸೋನಿಯೇಸೀ ಅದರ ಮುಂದೆ ತೀರ ಚಿಕ್ಕದು: ಡಿಕ್ಸೋನಿಯಾ, ಕ್ಯಾಲೋಕ್ಲೀನಾ, ಲೋಫೋಸೋರಿಯಾ ಎಂಬ ಮೂರೇ ಜಾತಿಗಳು.

ಈ ಮೂರರಲ್ಲಿ ದೊಡ್ಡ ಕಾಂಡ ಬೆಳೆಸುವುದು ಡಿಕ್ಸೋನಿಯಾ ಒಂದೇ ಎಂಬುದನ್ನು ಗಮನಿಸಬೇಕು. ಐದು ಪ್ರಭೇದಗಳ ಕ್ಯಾಲೋಕ್ಲೀನಾ ನೆಲದಲ್ಲಿ ಹರಿದಾಡುವ ಗುಪ್ತಕಾಂಡವುಳ್ಳದ್ದು. ಮೆಕ್ಸಿಕೋದಿಂದ ಚಿಲಿಯವರೆಗೆ ಹರಡಿರುವ ಲೋಫೋಸೋರಿಯಾದ ಕಾಂಡ ಗಿಡ್ಡವಾಗಿಯೇ ಉಳಿಯುತ್ತದೆ. ಎತ್ತರದ ಕಾಂಡವಿರುವುದೆಲ್ಲ ಒಂದು ಕುಟುಂಬ, ಇಲ್ಲದಿರುವುದೆಲ್ಲ ಇನ್ನೊಂದು ಎಂಬ ಸುಲಭದ ಭಾಗಾಕಾರ ಈ ಗಣದಲ್ಲಿ ನಡೆಯುವುದಿಲ್ಲ. ಕಣ್ಣಿಗೆ ಮೊದಲು ಬೀಳುವ ಎತ್ತರಕ್ಕಿಂತ, ಹತ್ತಿರ ಹೋಗಿ ನೋಡಿದರಷ್ಟೇ ಕಾಣುವ ಕೂದಲು ಮತ್ತು ಎಲೆಯಂಚು ಸಂಬಂಧವನ್ನು ಹೆಚ್ಚು ನಂಬಿಕೆಯಿಂದ ಹೇಳುತ್ತವೆ.

ಸಯಾಥಿಯಾ ಗುಂಪಿನ ಮರ ಜರೀಗಿಡಗಳಿಂದ ಇದನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ?

ಮೊದಲು ಎಲೆಯ ತೊಟ್ಟಿನ ಬುಡವನ್ನು ನೋಡಬೇಕು, ಅಲ್ಲಿಯೇ ಅರ್ಧ ಉತ್ತರ ಸಿಗುತ್ತದೆ. ಡಿಕ್ಸೋನಿಯಾದಲ್ಲಿ ಇರುವುದು ಕೂದಲು. ಪ್ರಭೇದಕ್ಕೆ ತಕ್ಕಂತೆ ಅದು ರೇಷ್ಮೆಯಂತೆ ಮೃದುವಾಗಿರಬಹುದು ಅಥವಾ ಬಿರುಸಾಗಿರಬಹುದು, ಹೊಂಬಣ್ಣದಿಂದ ಹಿಡಿದು ಕಡುಗಂದಿನವರೆಗೆ ಯಾವ ಬಣ್ಣದ್ದಾದರೂ ಆಗಿರಬಹುದು, ಆದರೆ ಒಂದೊಂದು ಎಳೆಯೂ ದಾರದಂತಿರುತ್ತದೆ. ಸಯಾಥಿಯೇಸೀ ಕುಟುಂಬದ ಸಯಾಥಿಯಾ, ಆಲ್ಸೋಫಿಲಾ, ಸ್ಫೀರಾಪ್ಟೆರಿಸ್ ಜಾತಿಗಳಲ್ಲಿ ಆ ಜಾಗದಲ್ಲಿ ಚಪ್ಪಟೆಯಾದ, ಕಾಗದದಷ್ಟು ತೆಳುವಾದ ಹುರುಪೆಗಳಿರುತ್ತವೆ. ಕೈಮಸೂರದ ಅಡಿಯಲ್ಲಿ ಹಿಡಿದರೆ ಸಂದೇಹಕ್ಕೆ ಎಡೆಯಿಲ್ಲ: ಎಳೆ ಒಂದೇ ಸಾಲಿನ ಜೀವಕೋಶಗಳದ್ದು, ಹುರುಪೆ ಹಲವು ಸಾಲುಗಳು ಅಕ್ಕಪಕ್ಕ ಕೂಡಿದ ಹಾಳೆ.

ಉಳಿದ ಅರ್ಧ ಉತ್ತರಕ್ಕಾಗಿ ಬಲಿತ ಎಲೆಯನ್ನು ಮಗುಚಿ ನೋಡಬೇಕು. ಬೀಜಕಗಳನ್ನು ಹೊತ್ತ ಚೀಲಗಳು ಗುಂಪುಗುಂಪಾಗಿರುತ್ತವೆ; ಒಂದೊಂದು ಗುಂಪಿಗೂ ಸೋರಸ್ ಎಂದು ಹೆಸರು. ಡಿಕ್ಸೋನಿಯಾದಲ್ಲಿ ಸೋರಸ್ ಎಲೆಯ ನರದ ತುದಿಯಲ್ಲಿ, ಸರಿಯಾಗಿ ಅಂಚಿನ ಮೇಲೆ ಕುಳಿತಿರುತ್ತದೆ. ಎಲೆಯ ಹಸಿರು ಅಂಚೇ ಹಿಂದಕ್ಕೆ ಮಡಚಿಕೊಂಡು ಹೊರಗಿನ ಮುಚ್ಚಳವಾಗುತ್ತದೆ, ಒಳಬದಿಯಿಂದ ತೆಳುವಾದ ಇನ್ನೊಂದು ಪೊರೆ ಎದ್ದು ಒಳಮುಚ್ಚಳವಾಗುತ್ತದೆ. ಎರಡೂ ಸೇರಿ ಎರಡು ತುಟಿಗಳ ಪುಟ್ಟ ಬಟ್ಟಲು. ಬೀಜಕಗಳು ಬಲಿತಾಗ ತುಟಿಗಳು ತೆರೆದುಕೊಳ್ಳುತ್ತವೆ. ಸಯಾಥಿಯೇಸೀ ಕುಟುಂಬದಲ್ಲಿ ಸೋರಸ್‌ಗಳು ಅಂಚಿನಿಂದ ದೂರದಲ್ಲಿ, ನರಗಳ ಬೆನ್ನಿನ ಮೇಲೆ ದುಂಡಗೆ ಕುಳಿತಿರುತ್ತವೆ. ಅವಕ್ಕೆ ಹೊದಿಕೆ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ.

ವರ್ಣತಂತುಗಳ ಸಂಖ್ಯೆಯೂ ಬೇರೆ. ಡಿಕ್ಸೋನಿಯಾದ ಮೂಲ ಸಂಖ್ಯೆ, ಅಂದರೆ ಒಂದು ಕಂತಿನಲ್ಲಿರುವ ವರ್ಣತಂತುಗಳ ಎಣಿಕೆ 65, ಸಯಾಥಿಯೇಸೀ ಕುಟುಂಬದ್ದು 69. ಇದು ಪ್ರಯೋಗಾಲಯದ ಮಾತು. ಕಾಡಿನಲ್ಲಿ ನಿಂತವರಿಗೆ ಕೂದಲೇ ಸಾಕು.

ಸಿಬೋಟಿಯಂ ಎಂಬ ಮರ ಜರೀಗಿಡಗಳ ಜಾತಿಯಲ್ಲಿಯೂ ಕೂದಲಿದೆ, ಎರಡು ತುಟಿಯ ಬಟ್ಟಲಿದೆ. ಅದೇಕೆ ಡಿಕ್ಸೋನಿಯೇಸೀ ಅಲ್ಲ?

ಈ ಆಕ್ಷೇಪ ನ್ಯಾಯವಾದದ್ದೇ. ಬಹಳ ಕಾಲ ಸಿಬೋಟಿಯಂ ಅನ್ನು ಇದೇ ಕುಟುಂಬದಲ್ಲಿ ಇರಿಸಲಾಗಿತ್ತು. ಆದರೆ ಅದರ ಬಟ್ಟಲಿನ ಹೊರತುಟಿ ಎಲೆಯ ಹಸಿರು ಭಾಗಕ್ಕಿಂತ ಸ್ಪಷ್ಟವಾಗಿ ಬೇರೆಯಾದದ್ದು. ಒಂದೊಂದು ಬೀಜಕದ ನಡುಭಾಗದಲ್ಲಿ ಬಳೆಯಂತೆ ಸುತ್ತುವರಿದ ಏಣು ಇದೆ. ವರ್ಣತಂತುಗಳ ಮೂಲ ಸಂಖ್ಯೆ 68. ಎಲೆಗೆ ಹಸಿರು ಕೊಡುವ ಕಣಗಳಾದ ಕ್ಲೋರೋಪ್ಲಾಸ್ಟ್‌ನ ಡಿಎನ್‌ಎಯನ್ನು ಹೋಲಿಸಿ ನೋಡಿದ ಮೇಲೆ ಅದು ಗಣದೊಳಗೆ ತನ್ನದೇ ಆದ ಕವಲು ಎಂಬುದು ಸ್ಪಷ್ಟವಾಗಿ, ಸಿಬೋಟಿಯೇಸೀ ಎಂಬ ಪ್ರತ್ಯೇಕ ಕುಟುಂಬ ನೆಲೆನಿಂತಿತು. ಪೂರ್ವ ಮತ್ತು ಆಗ್ನೇಯ ಏಷ್ಯಾ, ಹವಾಯಿ, ಮಧ್ಯ ಅಮೆರಿಕಗಳಲ್ಲಿ ಹರಡಿರುವ ಅದರ ಭೂಪಟ ಕೂಡ ಡಿಕ್ಸೋನಿಯಾದ ಭೂಪಟಕ್ಕೆ ಹೊಂದುವುದಿಲ್ಲ.

ಹಳೆಯ ಪುಸ್ತಕಗಳಲ್ಲಿ ಡಿಕ್ಸೋನಿಯಾ ಎಂದಿರುವ ಎಷ್ಟೋ ಗಿಡಗಳಿಗೆ ಈಗ ಬೇರೆ ಹೆಸರು ಏಕೆ?

18 ಮತ್ತು 19ನೆಯ ಶತಮಾನಗಳಲ್ಲಿ ಎಲೆಯಂಚಿನಲ್ಲಿ ಬಟ್ಟಲಿನಂಥ ಸೋರಸ್ ಕಂಡರೆ ಸಾಕು, ಗಿಡ ಎಷ್ಟೇ ಚಿಕ್ಕದಾಗಿರಲಿ ಅದನ್ನು ಡಿಕ್ಸೋನಿಯಾಕ್ಕೆ ಸೇರಿಸುವ ರೂಢಿಯಿತ್ತು. ಹೀಗಾಗಿ ಉತ್ತರ ಅಮೆರಿಕದ ಕಾಡುಗಳ ನೆಲದಲ್ಲಿ ಬೆಳೆಯುವ, ಮರ ಜರೀಗಿಡಗಳಿಗೆ ದೂರದ ನೆಂಟಸ್ತಿಕೆಯಷ್ಟೇ ಇರುವ ಡೆನ್‌ಸ್ಟೀಡ್ಟಿಯಾ ಪಂಕ್ಟಿಲೋಬ್ಯುಲಾ ಕೂಡ ಒಂದು ಕಾಲಕ್ಕೆ ಡಿಕ್ಸೋನಿಯಾ ಆಗಿತ್ತು. ಅಟ್ಲಾಂಟಿಕ್ ದ್ವೀಪಗಳ ಕಲ್ಸಿಟಾ ಮ್ಯಾಕ್ರೋಕಾರ್ಪಾವನ್ನು ಸ್ವತಃ ಲೆರಿಟಿಯೇ ಅವರೇ ಡಿಕ್ಸೋನಿಯಾದೊಳಗೆ ಇಟ್ಟಿದ್ದರು. ಈಗ ಅದಕ್ಕೆ ಕಲ್ಸಿಟೇಸೀ ಎಂಬ ಬೇರೆಯದೇ ಕುಟುಂಬ. ಕ್ಯಾಲೋಕ್ಲೀನಾ ಕೂಡ ಬಹುಕಾಲ ಕಲ್ಸಿಟಾದ ಒಳಗುಂಪಾಗಿದ್ದು, 1988ರಲ್ಲಷ್ಟೇ ಸ್ವತಂತ್ರ ಜಾತಿಯಾಯಿತು. ಹಳೆಯ ಪಟ್ಟಿಗಳನ್ನು ಓದುವಾಗ ಡಿಕ್ಸೋನಿಯಾ ಎಂದ ಕೂಡಲೇ ಅದು ಇಂದಿನ ಡಿಕ್ಸೋನಿಯಾವೇ ಎಂದು ತಿಳಿದರೆ ಹರವಿನ ಚಿತ್ರ ಪೂರ್ತಿ ಕಲಸುಮೇಲೋಗರವಾಗುತ್ತದೆ.

ಪ್ರಭೇದಗಳ ಸಂಖ್ಯೆ ಒಂದೊಂದು ಕಡೆ ಒಂದೊಂದು ತೆರನಾಗಿರುವುದೇಕೆ?

ಮುಖ್ಯವಾಗಿ ಎರಡು ಪ್ರದೇಶಗಳಿಂದ. ಅಮೆರಿಕ ಖಂಡದ ಗಿಡಗಳನ್ನೆಲ್ಲ ಡಿಕ್ಸೋನಿಯಾ ಸೆಲ್ಲೋವಿಯಾನಾ ಎಂಬ ಒಂದೇ ವಿಶಾಲ ಪ್ರಭೇದವೆಂದು ಎಣಿಸುವವರಿದ್ದಾರೆ. ಆಂಡೀಸ್‌ನ ಗಿಡಗಳನ್ನು ಕಾರ್ಸ್ಟೇನಿಯಾನಾ, ಸ್ಟ್ಯೂಬೆಲೈ ಎಂದು ಒಡೆಯುವವರೂ ಇದ್ದಾರೆ. ನ್ಯೂಗಿನಿಯ ಎತ್ತರದ ಕಾಡುಗಳ ಗಿಡಗಳ ವಿಷಯದಲ್ಲಿಯೂ ಇದೇ ಬಗೆಯ ಒಡೆಯುವ ಮತ್ತು ಕೂಡಿಸುವ ಚರ್ಚೆಯಿದೆ. ಕೂದಲಿನ ಬಣ್ಣ ಮತ್ತು ಒರಟುತನ, ಬೀಜಕ ಹೊತ್ತ ಎಲೆಭಾಗ ಎಷ್ಟು ಕುಗ್ಗಿದೆ ಎಂಬಂಥ ಲಕ್ಷಣಗಳ ಮೇಲೆ ಪ್ರಭೇದಗಳು ನಿಂತಿವೆ. ನಾಲ್ಕು ಮೀಟರ್ ಉದ್ದದ ಎಲೆಯ ಒಂದು ಗೇಣು ತುಂಡು ಮಾತ್ರ ಒಣಸಸ್ಯ ಸಂಗ್ರಹದಲ್ಲಿ ಉಳಿದಿರುವಾಗ, ತೊಟ್ಟಿನ ಬುಡವೇ ಇಲ್ಲದೆ ಇವನ್ನು ತೂಗಿ ನೋಡುವುದು ಸುಲಭವಲ್ಲ.

ಡಿಕ್ಸೋನಿಯಾ ಎಲ್ಲೆಲ್ಲಿ ಬೆಳೆಯುತ್ತದೆ?

ಹೆಚ್ಚಿನ ಪ್ರಭೇದಗಳು ದಕ್ಷಿಣ ಗೋಳಾರ್ಧದಲ್ಲಿವೆ. ಹರವು ಒಂದೇ ಹಾಸಿನಂತಿರದೆ ಚದುರಿದ ತುಣುಕುಗಳಂತಿದೆ. ಆಸ್ಟ್ರೇಲಿಯಾದ ಪೂರ್ವ ಭಾಗದಲ್ಲಿ ಮೂರು ಪ್ರಭೇದಗಳು: ಆಗ್ನೇಯ ಕ್ವೀನ್ಸ್‌ಲೆಂಡ್‌ನಿಂದ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾಗಳ ಮೂಲಕ ಟಾಸ್ಮೇನಿಯಾದವರೆಗೆ ಅಂಟಾರ್ಕ್ಟಿಕಾ ಎಂಬ ಪ್ರಭೇದ, ಕ್ವೀನ್ಸ್‌ಲೆಂಡ್‌ನಲ್ಲಿ ಹರ್ಬರ್ಟೈ, ಕ್ವೀನ್ಸ್‌ಲೆಂಡ್ ಮತ್ತು ನ್ಯೂ ಸೌತ್ ವೇಲ್ಸ್‌ಗಳ ತೇವದ ಕಾಡುಗಳಲ್ಲಿ ಕೆಂಗಂದು ಬಿರುಗೂದಲಿನ ಯಂಗಿಯೇ. ನ್ಯೂಜಿಲೆಂಡಿನಲ್ಲಿ ಸ್ಕ್ವಾರೋಸಾ, ಫೈಬ್ರೋಸಾ, ಲಾನಾಟಾ. ನ್ಯೂ ಕ್ಯಾಲಿಡೋನಿಯಾದಲ್ಲಿ ಬೇರೆಲ್ಲೂ ಇಲ್ಲದ ಪ್ರಭೇದಗಳು; ಫಿಜಿ ಮತ್ತು ಸಮೋವಾಗಳಲ್ಲಿ ಬ್ರಾಕೆನ್ರಿಡ್ಜೈ. ನ್ಯೂಗಿನಿಯ ಹಾವಸೆ ಮುಚ್ಚಿದ ಬೆಟ್ಟದ ಕಾಡುಗಳು ಈ ಜಾತಿಯ ಶ್ರೀಮಂತ ನೆಲೆಗಳಲ್ಲೊಂದು. ಇಂಡೋನೇಷ್ಯಾ ಮತ್ತು ಫಿಲಿಪ್ಪೀನ್ಸ್‌ನಲ್ಲಿ ಬ್ಲೂಮೈ ಇದೆ.

ಪೆಸಿಫಿಕ್ ದಾಟಿದರೆ ಚಿಲಿಯ ಹುವಾನ್ ಫರ್ನಾಂಡಿಸ್ ದ್ವೀಪಗಳಲ್ಲಿ ಎರಡು ಪ್ರಭೇದಗಳು. ರಾಬಿನ್‌ಸನ್ ಕ್ರೂಸೋ ದ್ವೀಪದಲ್ಲಿ ಬರ್ಟೆರೋಆನಾ, ಅಲೆಜಾಂಡ್ರೋ ಸೆಲ್‌ಕಿರ್ಕ್ ದ್ವೀಪದಲ್ಲಿ ಎಕ್ಸ್‌ಟರ್ನಾ. ಅಮೆರಿಕದ ಮುಖ್ಯಭೂಮಿಯಲ್ಲಿ ಸೆಲ್ಲೋವಿಯಾನಾ, ವಿಶಾಲ ಅರ್ಥದಲ್ಲಿ ತೆಗೆದುಕೊಂಡರೆ, ದಕ್ಷಿಣ ಮೆಕ್ಸಿಕೋದಿಂದ ಉರುಗ್ವೆಯವರೆಗೆ ಬೆಟ್ಟಗಳ ಜಾಡು ಹಿಡಿದು ಸಾಗುತ್ತದೆ. ಕೊನೆಗೆ, ಅಟ್ಲಾಂಟಿಕ್ ಸಾಗರದ ನಡುವೆ ಒಂಟಿಯಾಗಿ ಸೇಂಟ್ ಹೆಲೆನಾದ ಆರ್ಬೋರೆಸೆನ್ಸ್.

ಈ ಎಲ್ಲ ನೆಲೆಗಳಿಗೂ ಸಮಾನವಾದದ್ದು ತಂಪು ಮತ್ತು ಎಡೆಬಿಡದ ತೇವ. ಸಮಭಾಜಕ ವೃತ್ತದ ಹತ್ತಿರ ಇವು ಎತ್ತರದ ಬೆಟ್ಟಗಳಿಗೆ ಸೀಮಿತ. ದಕ್ಷಿಣಕ್ಕೆ ಹೋದಂತೆ ಕೆಳಗಿಳಿದು, ಟಾಸ್ಮೇನಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಸಮುದ್ರಮಟ್ಟದ ಸಮೀಪದಲ್ಲಿಯೂ ಸಿಗುತ್ತವೆ.

ಆಫ್ರಿಕಾ ಮತ್ತು ಏಷ್ಯಾದ ಮುಖ್ಯಭೂಮಿಯಲ್ಲಿ ಇಲ್ಲವೇ?

ಇಲ್ಲ. ಭಾರತವೂ ಸೇರಿದಂತೆ ಏಷ್ಯಾದ ಮುಖ್ಯಭೂಮಿಯಲ್ಲಿ, ಹಾಗೆಯೇ ಆಫ್ರಿಕಾ ಖಂಡದಲ್ಲಿ ಕಾಣುವ ಎತ್ತರದ ಮರ ಜರೀಗಿಡಗಳು ಸಯಾಥಿಯೇಸೀ ಕುಟುಂಬದವು. ಯೂರೋಪಿನ ಕೆಲವು ಸೌಮ್ಯ ಹವೆಯ ತೋಟಗಳಲ್ಲಿ ಅಂಟಾರ್ಕ್ಟಿಕಾ ಚೆನ್ನಾಗಿ ಬೆಳೆಯುತ್ತದೆ ಮತ್ತು ಅಜೋರ್ಸ್ ದ್ವೀಪಗಳಲ್ಲಿ ತೋಟದಿಂದ ಹೊರಬಿದ್ದು ತಾನಾಗಿ ಹಬ್ಬಿಕೊಂಡಿದೆ. ಆದರೆ ಅದು ಮನುಷ್ಯರು ಒಯ್ದದ್ದು, ಸಹಜ ಹರವಿಗೆ ಸೇರಿಸಬಾರದು.

ಇಷ್ಟು ದೂರದೂರದ ದ್ವೀಪಗಳನ್ನು ಈ ಜರೀಗಿಡಗಳು ಮುಟ್ಟಿದ್ದು ಹೇಗೆ?

ದಕ್ಷಿಣದ ಖಂಡಗಳಲ್ಲಿ ಹಂಚಿಹೋದ ಯಾವುದೇ ಸಸ್ಯವನ್ನು ಕಂಡರೂ ಒಡೆದುಹೋದ ಗೊಂಡ್ವಾನಾ ಮಹಾಖಂಡದ ನೆನಪಾಗುವುದು ಸಹಜ. ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕಗಳ ಮಟ್ಟಿಗೆ ಆ ವಿವರಣೆಗೆ ಅವಕಾಶವಿದೆ. ಆದರೆ ಸೇಂಟ್ ಹೆಲೆನಾ ಮತ್ತು ಹುವಾನ್ ಫರ್ನಾಂಡಿಸ್ ಎರಡೂ ಸಮುದ್ರದ ತಳದಿಂದ ಎದ್ದ ಜ್ವಾಲಾಮುಖಿ ದ್ವೀಪಗಳು. ಮೊದಲನೆಯದು ಆಫ್ರಿಕಾದ ದಂಡೆಯಿಂದ ಸುಮಾರು 1,900 ಕಿ.ಮೀ. ದೂರದಲ್ಲಿದೆ, ಎರಡನೆಯದು ಚಿಲಿಯ ದಂಡೆಯಿಂದ 600 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಇವು ಯಾವ ಖಂಡಕ್ಕೂ ಎಂದೂ ಅಂಟಿಕೊಂಡಿರಲಿಲ್ಲ, ಗೊಂಡ್ವಾನಾ ಒಡೆದು ಎಷ್ಟೋ ಕಾಲದ ಮೇಲೆ ಹುಟ್ಟಿದವು. ಆದ್ದರಿಂದ ಅಲ್ಲಿನ ಡಿಕ್ಸೋನಿಯಾದ ಪೂರ್ವಜರು ಗಾಳಿಯಲ್ಲಿ ತೇಲಿಬಂದ ಬೀಜಕಗಳಾಗಿಯೇ ಬಂದಿರಬೇಕು.

ಗಾಳಿ ಬೀಜಕವನ್ನು ಎಲ್ಲಿಗಾದರೂ ಒಯ್ಯಬಲ್ಲದು ಎಂದಾದರೆ ಹರವು ಇಷ್ಟು ಚದುರಿದಂತಿರುವುದೇಕೆ ಎಂಬ ಮರುಪ್ರಶ್ನೆ ಏಳುತ್ತದೆ. ಬೀಜಕ ತಲುಪಿದ ಮಾತ್ರಕ್ಕೆ ಮರ ಜರೀಗಿಡ ಏಳುವುದಿಲ್ಲ. ಬೀಜಕ ಮೊಳೆತು ಮೊದಲು ಪ್ರೋಥ್ಯಾಲಸ್ ಎಂಬ, ಉಗುರಿಗಿಂತ ಚಿಕ್ಕದಾದ, ಹೃದಯದಾಕಾರದ ಹಸಿರು ಹಾಳೆಯಾಗುತ್ತದೆ. ಅದರ ಅಡಿಯಲ್ಲಿ ಗಂಡು ಕಣಗಳು ನೀರಿನ ತೆಳುಪದರದಲ್ಲಿ ಈಜಿಕೊಂಡು ಹೆಣ್ಣು ಅಂಡವನ್ನು ಸೇರಬೇಕು. ಕೆಲವು ದಿನ ಒಣಗಿದರೂ ಆ ಹಾಳೆ ಸಾಯುತ್ತದೆ. ಹರವನ್ನು ಕಟ್ಟಿಹಾಕಿರುವುದು ಪ್ರಯಾಣದ ಕಷ್ಟಕ್ಕಿಂತ ಇಳಿದ ನೆಲದ ತೇವ ಎಂದು ತೋರುತ್ತದೆ.

ಸೇಂಟ್ ಹೆಲೆನಾದ ಪ್ರಭೇದಕ್ಕೆ ವಿಶೇಷ ಮಹತ್ವವೇನು?

ಅದು ಆ ದ್ವೀಪವನ್ನು ಬಿಟ್ಟರೆ ಬೇರೆಲ್ಲಿಯೂ ಇಲ್ಲ, ದ್ವೀಪದೊಳಗೂ ಎಲ್ಲ ಕಡೆ ಇಲ್ಲ. ಸುಮಾರು 820 ಮೀಟರ್ ಎತ್ತರದ ಡಯಾನಾಸ್ ಪೀಕ್ ಮತ್ತು ಅದರ ಆಸುಪಾಸಿನ ಏಣುಗಳಲ್ಲಿ, ಮಂಜು ಮುಸುಕಿರುವ ಜಾಗದಲ್ಲಿ ಅದು ದಟ್ಟ ಪೊದೆಯಂತೆ ಹಬ್ಬಿದೆ. ಎಲೆಗಳು ಮಂಜಿನಿಂದ ನೀರನ್ನು ಹಿಡಿದು ನೆಲಕ್ಕೆ ಇಳಿಸುತ್ತವೆ. ದ್ವೀಪಕ್ಕೆ ಸೀಮಿತವಾದ ಮೆಲನೋಡೆಂಡ್ರಾನ್‌ನಂಥ ಮರಗಳ ಸಸಿಗಳು ಇದರ ನಾರಿನ ಕಾಂಡಗಳ ಮೇಲೆಯೇ ಬೇರುಬಿಡುತ್ತವೆ. ಅಂದರೆ ಈ ಕಾಡಿಗೆ ಸಸಿಮಡಿಯೂ ಇದೇ. ನಾರಿಗಾಗಿ ನ್ಯೂಜಿಲೆಂಡ್ ಫ್ಲ್ಯಾಕ್ಸ್ ಬೆಳೆಯಲು ಈ ಇಳಿಜಾರುಗಳ ದೊಡ್ಡ ಭಾಗವನ್ನು ಕಡಿದು ತೆರವು ಮಾಡಲಾಯಿತು. ಆ ಉದ್ಯಮ 1966ರಲ್ಲಿ ನಿಂತಿತು, ಆದರೆ ಫ್ಲ್ಯಾಕ್ಸ್ ಗಿಡ ಇನ್ನೂ ಅಲ್ಲಿಯೇ ಇದೆ.

ನ್ಯೂಜಿಲೆಂಡಿನ ಮೂರು ಪ್ರಭೇದಗಳನ್ನು ಸುಲಭವಾಗಿ ಗುರುತಿಸಬಹುದೇ?

ಗುರುತಿಸಬಹುದು. ಸ್ಥಳೀಯ ಮಾವೊರಿ ಭಾಷೆಯಲ್ಲಿ ವ್ಹೇಕಿ ಎನ್ನುವ ಸ್ಕ್ವಾರೋಸಾದ ಕಾಂಡ ತೆಳು, ಕಡುಗಪ್ಪು. ಮುಟ್ಟಿದರೆ ಎಲೆ ಒರಟು. ನೆಲದಡಿಯ ಕವಲುಗಳಿಂದ ಹೊಸ ಕಾಂಡಗಳು ಏಳುವುದರಿಂದ ಅದು ಒಂಟಿಯಾಗಿರದೆ ತೋಪಿನಂತೆ ಬೆಳೆಯುತ್ತದೆ. ಫೈಬ್ರೋಸಾದ ಕಾಂಡ ದಪ್ಪ, ಮೆತ್ತಗಿನ ಕೆಂಗಂದು ನಾರಿನದು. ಒಣಗಿದ ಎಲೆಗಳು ಉದುರದೆ ಕಾಂಡದ ಸುತ್ತ ದಟ್ಟವಾದ ಲಂಗದಂತೆ ಜೋತುಬಿದ್ದಿರುತ್ತವೆ. ಲಾನಾಟಾ ಬಹುತೇಕ ಕಡೆ ಕಾಂಡವೇ ಇಲ್ಲದೆ ನೆಲದ ಮೇಲೆ ಹರಿಯುತ್ತದೆ, ಉತ್ತರ ತುದಿಯಲ್ಲಿ ಮಾತ್ರ ಗಿಡ್ಡ ಕಾಂಡ ಬಿಡುತ್ತದೆ. ಮರ ಜರೀಗಿಡಗಳ ಜಾತಿಯಲ್ಲಿದ್ದೂ ಮರವಾಗದ ಈ ಪ್ರಭೇದವನ್ನು ಕಂಡರೆ ಕಾಂಡವನ್ನು ನಂಬಿ ವರ್ಗೀಕರಿಸಬಾರದೆಂಬುದು ಇನ್ನೊಮ್ಮೆ ಮನದಟ್ಟಾಗುತ್ತದೆ.

ಕಾಡಿನಲ್ಲಿ ಇವುಗಳಿಂದ ಏನು ಪ್ರಯೋಜನ?

ಟಾಸ್ಮೇನಿಯಾ ಮತ್ತು ವಿಕ್ಟೋರಿಯಾಗಳ ಎತ್ತರದ ನೀಲಗಿರಿ ಮರಗಳ ಕಾಡಿನಲ್ಲಿ ಅಂಟಾರ್ಕ್ಟಿಕಾ ಕೆಳಸ್ತರವನ್ನು ತುಂಬುತ್ತದೆ. ಅದರ ಬೇರಿನ ಕವಚ ಸದಾ ಒದ್ದೆಯಾಗಿರುವುದರಿಂದ ಪೊರೆ ಜರೀಗಿಡಗಳು, ಹಾವಸೆಗಳು, ಟ್ಮೆಸಿಪ್ಟೆರಿಸ್‌ನಂಥ ಪುರಾತನ ಅಪ್ಪುಗಿಡಗಳು ಅಲ್ಲಿ ನೆಲೆಗೊಳ್ಳುತ್ತವೆ. ಮಿರ್ಟಲ್ ಬೀಚ್ ಮರದ ಸಸಿಗಳು ಕೂಡ ನೆಲಕ್ಕಿಂತ ಮೇಲೆ, ಈ ಕವಚದಲ್ಲಿ ಮೊಳೆಯುವುದುಂಟು. ಕಾಡ್ಗಿಚ್ಚು ಹಾದುಹೋದರೆ ಎಲೆಗಳೆಲ್ಲ ಸುಟ್ಟುಹೋಗುತ್ತವೆ, ಆದರೆ ತುದಿಯ ಮೊಗ್ಗು ಎಲೆಬುಡಗಳ ನಡುವೆ ಹುದುಗಿರುವುದರಿಂದ ಬದುಕಿಕೊಂಡು, ಕಪ್ಪಾದ ಕಾಂಡದ ಮೇಲೆ ಹೊಸ ಸುರುಳಿಗಳು ಏಳುತ್ತವೆ.

ಇವು ಅಪಾಯದಲ್ಲಿವೆಯೇ, ವ್ಯಾಪಾರಕ್ಕೆ ನಿರ್ಬಂಧವಿದೆಯೇ?

ಪ್ರಭೇದದಿಂದ ಪ್ರಭೇದಕ್ಕೆ ಉತ್ತರ ಬೇರೆ. ಬ್ರೆಜಿಲ್‌ನಲ್ಲಿ ಶಾಶಿಂ ಎಂದು ಕರೆಯುವ ಸೆಲ್ಲೋವಿಯಾನಾದ ಬೇರಿನ ಕವಚವನ್ನು ಕೊರೆದು ಹೂಕುಂಡಗಳನ್ನು, ಆರ್ಕಿಡ್ ಕಟ್ಟುವ ಹಲಗೆಗಳನ್ನು ಮಾಡುತ್ತಿದ್ದರು. ಹತ್ತಾರು ವರ್ಷಗಳಲ್ಲಿ ಬೆಳೆದ ಕಾಂಡ ಒಂದೆರಡು ಕುಂಡಕ್ಕೆ ಮುಗಿದುಹೋಗುತ್ತಿತ್ತು. ಅದೇ ಕಾಲದಲ್ಲಿ ಅದರ ನೆಲೆಯಾದ ಅರೌಕೇರಿಯಾ ಕಾಡುಗಳೂ ಕರಗಿದ್ದರಿಂದ ಪ್ರಭೇದ ಅಳಿವಿನಂಚಿನ ಪಟ್ಟಿಗೆ ಸೇರಿತು, ಕಡಿಯುವುದಕ್ಕೆ ಕಾನೂನಿನ ತಡೆ ಬಂದಿತು. ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಡಿಕ್ಸೋನಿಯಾದ ಅಮೆರಿಕ ಖಂಡಗಳ ಗಿಡಗಳು ಮಾತ್ರ ಇವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳವು ಅದರಲ್ಲಿಲ್ಲ. ಟಾಸ್ಮೇನಿಯಾದಲ್ಲಿ ಕಾಡಿನಿಂದ ತೆಗೆದ ಪ್ರತಿಯೊಂದು ಕಾಂಡಕ್ಕೂ ಸರ್ಕಾರಿ ಗುರುತುಪಟ್ಟಿ ಇರಬೇಕೆಂಬ ನಿಯಮವಿದೆ.

ಕತ್ತರಿಸಿದ ಕಾಂಡವನ್ನು ನೆಟ್ಟರೆ ಬದುಕುತ್ತದೆ ಎನ್ನುತ್ತಾರೆ. ನಿಜವೇ?

ಅಂಟಾರ್ಕ್ಟಿಕಾದ ಮಟ್ಟಿಗೆ ನಿಜ. ಬುಡದಲ್ಲಿ ಕತ್ತರಿಸಿದ ಕಾಂಡವನ್ನು ನೆಟ್ಟು ಮೇಲಿನಿಂದ ನೀರುಣಿಸುತ್ತಿದ್ದರೆ ಕವಚದಿಂದ ಹೊಸ ಬೇರುಗಳು ಇಳಿಯುತ್ತವೆ. ಹೆಚ್ಚಿನ ಸಯಾಥಿಯಾಗಳು ಇದನ್ನು ತಾಳುವುದಿಲ್ಲ, ಆದ್ದರಿಂದಲೇ ವ್ಯಾಪಾರದಲ್ಲಿ ಡಿಕ್ಸೋನಿಯಾಕ್ಕೆ ಬೇಡಿಕೆ. ಆದರೆ ಕಾಡಿನಲ್ಲಿ ಉಳಿದ ಬುಡ ಮತ್ತೆ ಚಿಗುರುವುದಿಲ್ಲ, ಏಕೆಂದರೆ ಬೆಳೆಯುವ ಮೊಗ್ಗು ಇರುವುದು ತುದಿಯಲ್ಲಿ ಒಂದೇ, ಅದು ಕಾಂಡದೊಡನೆ ಹೋಗಿರುತ್ತದೆ. ಆ ಜಾಗದಲ್ಲಿ ಬೀಜಕದಿಂದ ಮೊಳೆತ ಹೊಸ ಗಿಡ ತಾನೇ ಬೀಜಕ ಬಿಡುವ ವಯಸ್ಸಿಗೆ ಬರಲು 20 ವರ್ಷಗಳಿಗೂ ಹೆಚ್ಚು ಕಾಲ ಬೇಕು.